ಆಟ ಮುಗಿಯುವುದೆಂದಿಗೆ?

ಮೊಬೈಲು ಆಟಗಳ ಮಾತೆತ್ತಿದರೆ ಸಾಕು, ನಮ್ಮ ಹಿರಿಯರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡಕ್ಕೆ ಅದು ಸಾಕ್ಷಾತ್ ಕಲಿಯ ಅವತಾರ. ಮಕ್ಕಳ ಕಣ್ಣು, ಕತ್ತು, ಬುದ್ಧಿ ಮೂರನ್ನೂ ಒಟ್ಟಿಗೆ ನುಂಗಲು ಹುಟ್ಟಿದ್ದು. ಇನ್ನೊಂದು ಪಂಗಡವು, "ಕಾಲ ಬದಲಾಯಿತು ಸ್ವಾಮಿ, ನಮ್ಮ ಕೈಲೇನಾಗುತ್ತದೆ?" ಎಂದು ನಿಟ್ಟುಸಿರು ಬಿಟ್ಟು, ತಾನೂ ಒಂದು ಫೋನು ಹಿಡಿದು ಮೂಲೆ ಸೇರುತ್ತದೆ. ಸಂಘದ ಸಮಾರಂಭಗಳಲ್ಲಿ ಊಟದ ಎರಡನೆಯ ಪಂಕ್ತಿಗೆ ಕಾದು ನಿಂತಿರುವಾಗ ಈ ಚರ್ಚೆ ನಡೆಯದ ದಿನವೇ ಇಲ್ಲ. ಎರಡು ಕಡೆಯ ಮಾತನ್ನೂ ಬಹುಕಾಲ ಕೇಳಿದ ಮೇಲೆ ನನಗೆ ತೋರಿರುವುದಿಷ್ಟು: ನಮ್ಮ ಜಗಳ ಇರಬೇಕಾದದ್ದು ಆಟದೊಡನೆಯಲ್ಲ, ಆಟಕ್ಕೆ ಇದ್ದ ಕೊನೆಯನ್ನು ಕಿತ್ತುಹಾಕಿದವರೊಡನೆ.

ನಮ್ಮ ಚೌಕಾಬಾರವನ್ನೇ ನೋಡಿ. ಅಡ್ಡಕ್ಕೆ 5, ಉದ್ದಕ್ಕೆ 5, ಒಟ್ಟು 25 ಮನೆ. ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಕಾಯಿ. ಕಾಯಿಯೆಂದರೆ ಬಳೆಚೂರಾದರೂ ಆಯಿತು, ಕಡ್ಡಿಯಾದರೂ ಆಯಿತು. ನಾಲ್ಕು ಕವಡೆ ಇಲ್ಲದಿದ್ದರೆ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದ ಹುಣಿಸೆಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಅದೇ ಬಾರ. ಸುತ್ತು ಹಾಕಿ, ಕಟ್ಟೆಯಲ್ಲಿ ದಣಿವಾರಿಸಿಕೊಂಡು, ಎದುರಾಳಿಯ ಕೈಯಲ್ಲಿ ಕಡಿಸಿಕೊಂಡು ಮತ್ತೆ ಮೊದಲಿನಿಂದ ಹೊರಟು, ಅಂತೂ ನಡುಮನೆಗೆ ಸೇರಿದ ಕಾಯಿ 'ಹಣ್ಣಾಯಿತು' ಎನ್ನುತ್ತಿದ್ದರು. ಎಂಥ ಮಾತು ನೋಡಿ! ನಾಲ್ಕೂ ಹಣ್ಣಾದವನಿಗೆ ಆ ಹಾಸಿನ ಮೇಲೆ ಇನ್ನೇನೂ ಕೆಲಸವಿಲ್ಲ. ಎದ್ದು ನೀರು ಕುಡಿಯಲು ಹೋಗಬೇಕು. ಅಳಗುಳಿಮಣೆಯೂ ಅಷ್ಟೆ. ಹದಿನಾಲ್ಕು ಗುಳಿ, ಎಣಿಸಿಟ್ಟ ಬೀಜ. ಒಂದು ಕಡೆಯ ಗುಳಿಗಳು ಬರಿದಾದರೆ ಆಟವೂ ಬರಿದು. ತುಳುನಾಡಿನ ಕಡೆಯವರಿಗಂತೂ ಚೆನ್ನೆಮಣೆ ಆಟಿ ತಿಂಗಳ ಜಡಿಮಳೆಯೊಡನೆ ಅಟ್ಟದಿಂದ ಇಳಿದು ಬರುವ ನೆಂಟ. ಮಳೆ ಹಿಂದೆಗೆದು ಗದ್ದೆಯ ಕೆಲಸ ಕರೆದರೆ ಮಣೆ ಮತ್ತೆ ಅಟ್ಟಕ್ಕೆ. ಒಂದು ಆಟಕ್ಕೆ ಕೊನೆಯಿತ್ತು, ಆಟದ ಋತುವಿಗೂ ಕೊನೆಯಿತ್ತು.

ಹಿಂದಿನವರು ಆಟವನ್ನು ಕೀಳಾಗಿ ಕಂಡಿದ್ದರೆಂದು ಯಾರೂ ತಿಳಿಯಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಹಾಸಿನ ಮೇಲೆ ಆಡುವ ಎಷ್ಟೋ ಆಟಗಳನ್ನು ತಾವೇ ರೂಪಿಸಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಆಟಗಳ ಮನೆಗಳನ್ನು ಚಿತ್ರಿಸಿಟ್ಟಿದ್ದಾರೆ. ರಾಜರು ಆಡಿದರೆ ವಿನೋದ, ನಮ್ಮ ಹುಡುಗ ಆಡಿದರೆ ಕಾಲಹರಣ ಎಂಬ ನ್ಯಾಯ ನನಗೆ ಒಪ್ಪುವುದಿಲ್ಲ.

ಯಂತ್ರದ ಆಟಗಳು ಮೊದಲು ಬಂದಾಗಲೂ ಅವಕ್ಕೆ ಕೊನೆಯಿತ್ತು. 1978ರಲ್ಲಿ ಜಪಾನಿನಿಂದ ಬಂದ 'ಸ್ಪೇಸ್ ಇನ್ವೇಡರ್ಸ್' ನಾಣ್ಯ ಹಾಕಿ ಆಡುವ ಯಂತ್ರ. ಮೇಲಿನಿಂದ ಸಾಲುಸಾಲಾಗಿ ಇಳಿಯುವ ಅನ್ಯಲೋಕದ ದಂಡಿಗೆ ಕೆಳಗಿನಿಂದ ಗುಂಡು ಹೊಡೆಯಬೇಕು. ಆಡುವವನು ಬೇಗ ಸೋತಷ್ಟೂ ಯಂತ್ರದ ಯಜಮಾನನಿಗೆ ಲಾಭ, ಏಕೆಂದರೆ ಮುಂದಿನವನು ನಾಣ್ಯ ಹಿಡಿದು ಹಿಂದೆ ನಿಂತಿರುತ್ತಿದ್ದ. ಮುಂದೆ 1980ರಲ್ಲಿ 'ಪ್ಯಾಕ್‌ಮ್ಯಾನ್' ಬಂತು. ಅದರ ಕತೆ ಸ್ವಾರಸ್ಯವಾಗಿದೆ. ಮಟ್ಟಗಳನ್ನು ಎಣಿಸಲು ಆ ಯಂತ್ರಕ್ಕೆ ಕೊಟ್ಟ ಜಾಗದಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುತ್ತಿರಲಿಲ್ಲ. ಹಾಗಾಗಿ 256ನೆಯ ಮಟ್ಟ ಮುಟ್ಟಿದ ಶೂರನಿಗೆ ಪರದೆಯ ಅರ್ಧಭಾಗ ಅಕ್ಷರಗಳ ಕಲಸುಮೇಲೋಗರವಾಗಿ ಕಾಣಿಸುತ್ತಿತ್ತು. ಅಲ್ಲಿಂದ ಮುಂದೆ ದಾರಿಯಿಲ್ಲ. ಮಾಡಿದವರು ಬಯಸದಿದ್ದರೂ ಕೊನೆಯೊಂದು ತಾನಾಗಿಯೇ ಬಂದು ಕುಳಿತಿತ್ತು.

'ಟೆಟ್ರಿಸ್' ಎಂಬುದನ್ನು ನಮ್ಮ ಎಷ್ಟೋ ಮನೆಗಳ ಮಕ್ಕಳು, ಈಗ ತಾವೇ ತಾಯಿತಂದೆಯಾದವರು, ಬಲ್ಲರು. ಪೇಟೆಯಲ್ಲಿ ಸಿಗುತ್ತಿದ್ದ ಕೈಯಂತ್ರಗಳಲ್ಲಿ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ ಅದು. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸಕ್ಕಿದ್ದ ಅಲೆಕ್ಸೀ ಪಾಜಿತ್ನೋವ್ ಎಂಬವರು ರಚಿಸಿದ್ದು. ಇದರಲ್ಲಿ ಗೆಲುವೆಂಬುದಿಲ್ಲ, ಎಷ್ಟು ಹೊತ್ತು ಸೋಲದೆ ಇರುತ್ತೀರಿ ಎಂಬುದಷ್ಟೇ ಲೆಕ್ಕ. ಟೆಲಿವಿಷನ್ನಿಗೆ ಜೋಡಿಸಿ ಆಡುವ ಅದರ 1989ರ ಆವೃತ್ತಿಯನ್ನು ಯಾವ ಮನುಷ್ಯನೂ ತುದಿ ಮುಟ್ಟಿಸಿರಲಿಲ್ಲ. 2023ರ ಡಿಸೆಂಬರಿನಲ್ಲಿ ಅಮೆರಿಕದ ಓಕ್ಲಹೋಮಾದ 13 ವರ್ಷದ ಹುಡುಗನೊಬ್ಬ 157ನೆಯ ಮಟ್ಟಕ್ಕೆ ಹೋದಾಗ ಯಂತ್ರವೇ ತತ್ತರಿಸಿ ನಿಂತುಬಿಟ್ಟಿತು. ಮೂವತ್ತನಾಲ್ಕು ವರ್ಷಗಳ ಮೇಲೆ ಒಬ್ಬ ಬಾಲಕ ಆಟವನ್ನೇ ಸೋಲಿಸಿದ. ಆ ಹುಡುಗ ಕುರ್ಚಿಯಲ್ಲಿ ಹಿಂದಕ್ಕೊರಗಿ, ತಲೆಯ ಮೇಲೆ ಕೈಹೊತ್ತು, ನಂಬಲಾರದೆ ಉಸಿರು ಹಿಡಿದ ದೃಶ್ಯವನ್ನು ಲೋಕವೆಲ್ಲ ನೋಡಿತು. ಮುಗಿಸಿದವನ ಸಂತೋಷ ಅದು. ಅಂಥ ಸಂತೋಷ ಇಂದಿನ ಆಟಗಳಲ್ಲಿ ಎಷ್ಟು ಮಕ್ಕಳಿಗೆ ಸಿಗುತ್ತದೆಂದು ಸುಮ್ಮನೆ ಕೇಳಿಕೊಳ್ಳಿ.

1997ರಲ್ಲಿ ನೋಕಿಯಾ 6110 ಎಂಬ ಫೋನಿನೊಳಗೆ ಹಾವಿನ ಆಟ ಬಂದು ಸೇರಿತು. ತಿಂದಷ್ಟೂ ಉದ್ದವಾಗುವ ಹಾವು ಕೊನೆಗೆ ತನ್ನ ಬಾಲವನ್ನೇ ಕಚ್ಚಿ ಸಾಯುತ್ತಿತ್ತು. ದಾದರಿನಿಂದ ಡೊಂಬಿವಲಿಯವರೆಗೆ ಲೋಕಲ್ ಗಾಡಿಯಲ್ಲಿ ನಿಂತು ಈ ಹಾವನ್ನು ಸಾಕಿದ ಗುಮಾಸ್ತರು ನಮ್ಮಲ್ಲಿ ಎಷ್ಟಿಲ್ಲ! ಸ್ಟೇಷನ್ನು ಬಂದರೆ ಫೋನು ಜೇಬಿಗೆ. ಹಾವಿಗೆ ಯಾವ ಕೋಪವೂ ಇರಲಿಲ್ಲ. "ಏಕೆ ಬರಲಿಲ್ಲ, ನಿನ್ನ ಬಹುಮಾನ ಕಾಯುತ್ತಿದೆ" ಎಂದು ರಾತ್ರಿ ಹನ್ನೊಂದಕ್ಕೆ ಅದು ಗಂಟೆ ಬಾರಿಸುತ್ತಿರಲಿಲ್ಲ.

ವಿಷಯ ಕೆಟ್ಟದ್ದು ಆಟ 'ಪುಕ್ಕಟೆ' ಆದಾಗ. ಪುಕ್ಕಟೆ ಕೊಟ್ಟವನಿಗೆ ನಿಮ್ಮ ಹೊತ್ತೇ ಬಂಡವಾಳ. ನೀವು ಇದ್ದಷ್ಟು ಹೊತ್ತು ಜಾಹೀರಾತು ತೋರಿಸಬಹುದು, ಮನಸ್ಸು ಸಡಿಲಿದ ಗಳಿಗೆಯಲ್ಲಿ ಏನಾದರೂ ಮಾರಬಹುದು. ಆದ್ದರಿಂದ ನೀವು ಎದ್ದು ಹೋಗಬಾರದು. 2012ರ 'ಕ್ಯಾಂಡಿ ಕ್ರಶ್' ಈ ವಿದ್ಯೆಯನ್ನು ಬಹಳ ಚೆನ್ನಾಗಿ ಕಲಿತಿತ್ತು. ನಿಮಗೆ ಐದು ಜೀವ. ಕಳೆದ ಒಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು. ಕಾಯಲಾರದವರು ಹಣ ಕೊಡಬಹುದು, ಇಲ್ಲವೆ ಗೆಳೆಯರಲ್ಲಿ ಬೇಡಬಹುದು. ಅಂದರೆ ಆಟ ಮುಗಿಯುವ ಗಳಿಗೆಯನ್ನೇ ಅಂಗಡಿಯಲ್ಲಿಟ್ಟು ಮಾರಿದರು. ಮರೆತೇಹೋದ ಸಹಪಾಠಿಯಿಂದ ಇದ್ದಕ್ಕಿದ್ದಂತೆ "ನನಗೊಂದು ಜೀವ ಕಳಿಸು" ಎಂಬ ಓಲೆ ಬಂದು ಗಾಬರಿಯಾದವರು ಹಲವರಿದ್ದಾರೆ.

ಇದರ ಹಿಂದಿನ ಲೆಕ್ಕಾಚಾರ ಹೊಸದೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನಿಟ್ಟುಕೊಂಡು ಕಂಡುಕೊಂಡಿದ್ದ ಸಂಗತಿಯೇ ಇದು. ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ ಪಾರಿವಾಳ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಎಷ್ಟು ಸಲ ಕುಕ್ಕಿದರೆ ಕಾಳು ಬಿದ್ದೀತೆಂದು ತಿಳಿಯದಂತೆ ಮಾಡಿದರೆ ಅದು ಕುಕ್ಕುವುದನ್ನು ಬಿಡುವುದೇ ಇಲ್ಲ. ಇಂದು ಮಕ್ಕಳ ಆಟಗಳಲ್ಲಿ ಹಣ ಕೊಟ್ಟು ತೆರೆಯುವ ಗುಟ್ಟಿನ ಪೆಟ್ಟಿಗೆಗಳಿವೆಯಲ್ಲ, ಒಳಗೆ ಕತ್ತಿ ಬಂದೀತೋ ಕಸ ಬಂದೀತೋ ತಿಳಿಯದು, ಅವು ಆ ಕಾಳಿನ ಡಬ್ಬಿಗಳೇ. ಬೆಲ್ಜಿಯಂ ದೇಶ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಎಣಿಸಿತು. 2022ರ ಡಿಸೆಂಬರಿನಲ್ಲಿ 'ಫೋರ್ಟ್‌ನೈಟ್' ಆಟದ ಒಡೆಯರಾದ ಎಪಿಕ್ ಗೇಮ್ಸ್ ಕಂಪನಿ ಅಮೆರಿಕದ ವಾಣಿಜ್ಯ ಆಯೋಗದೊಡನೆ 52 ಕೋಟಿ ಡಾಲರ್ ತೆತ್ತು ರಾಜಿಗೆ ಒಪ್ಪಿತು. ಮಕ್ಕಳ ವಿವರಗಳನ್ನು ಕೂಡಿಸಿಕೊಂಡದ್ದು ಒಂದು ಆಪಾದನೆ. ಗುಂಡಿಗಳನ್ನು ಗೊಂದಲವಾಗುವಂತೆ ಇಟ್ಟು, ಬಯಸದ ಸಾಮಾನಿಗೆ ಹಣ ಕೀಳುವಂತೆ ಮಾಡಿದ್ದು ಇನ್ನೊಂದು. ಮಗು ತಪ್ಪಿ ಒತ್ತಿತು ಎಂದು ಬೆನ್ನಿಗೆ ಗುದ್ದುವ ಮೊದಲು, ತಪ್ಪಿ ಒತ್ತಲೆಂದೇ ಇಟ್ಟ ಗುಂಡಿಯೂ ಇರುತ್ತದೆಂಬುದನ್ನು ತಂದೆಯಾದವನು ನೆನೆಯಬೇಕು.

ಇಲ್ಲಿ ಒಂದು ಗೃಹಕಲಹದ ವಿಚಾರ ಹೇಳಲೇಬೇಕು. ರಾತ್ರಿ ಎಂಟೂವರೆ. ತಟ್ಟೆ ಹಾಕಿ ಆಗಿದೆ.

"ಪುಟ್ಟಾ, ಬಾರೋ ಊಟಕ್ಕೆ. ಸಾರು ಆರಿಹೋಗ್ತಿದೆ."

"ಬಂದೆ ಅಮ್ಮಾ, ಐದೇ ನಿಮಿಷ."

"ಆಗಲೂ ಐದು ನಿಮಿಷ ಅಂದೆ. ಈಗಲೇ ನಿಲ್ಲಿಸು!"

"ನಿಲ್ಲಿಸೋಕಾಗಲ್ಲ ಅಮ್ಮಾ!"

ಈ ಕೊನೆಯ ಮಾತನ್ನು ತಾಯಿ ಉದ್ಧಟತನವೆಂದು ತಿಳಿಯುತ್ತಾಳೆ. ಆದರೆ ಹುಡುಗ ಹೇಳುವುದು ನಿಜ. ಪಬ್‌ಜಿ ಮಾದರಿಯ ಆಟಗಳಲ್ಲಿ ನೂರು ಮಂದಿ ಒಂದು ದ್ವೀಪದಲ್ಲಿ ಇಳಿಯುತ್ತಾರೆ. ಉಳಿಯಬಹುದಾದ ವೃತ್ತ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದವನು ಅಥವಾ ಉಳಿದ ತಂಡ ಗೆದ್ದಂತೆ. ಒಂದು ಸುತ್ತಿಗೆ ಸುಮಾರು ಅರ್ಧ ಗಂಟೆ. ಎದುರಿಗಿರುವವರು ಬೇರೆ ಬೇರೆ ಮನೆಯ ಜೀವಂತ ಹುಡುಗರಾದ್ದರಿಂದ ನಡುವೆ 'ತಡೆ' ಎಂದು ನಿಲ್ಲಿಸುವ ಗುಂಡಿಯೇ ಇಲ್ಲ. ಎದ್ದು ಬಂದರೆ ತಂಡದ ಮೂವರು ಗೆಳೆಯರನ್ನು ಕೈಬಿಟ್ಟಂತೆ. ಕಬಡ್ಡಿ ನಡೆಯುತ್ತಿರುವಾಗ ಹಿಂದಿನ ಕಾಲದ ತಾಯಿ ಕೂಗಿದರೆ ನಾವು ಹೋಗುತ್ತಿದ್ದೆವೆ? ಆದ್ದರಿಂದ "ನಿಲ್ಲಿಸು" ಎನ್ನುವ ಬದಲು, ಸುತ್ತು ಶುರುವಾಗುವ ಮುಂಚೆಯೇ, "ಇದು ಮುಗಿಯಲು ಎಷ್ಟು ಹೊತ್ತು? ಅದಾದ ಮೇಲೆ ಊಟ" ಎಂದು ಕಟ್ಟುಮಾಡಿಕೊಳ್ಳುವುದು ಮೇಲು. ಒಂದು ಸುತ್ತಿಗೆ ಕೊನೆಯಿದೆ. ಆ ಕೊನೆಯನ್ನು ಹಿಡಿದುಕೊಳ್ಳಬೇಕು. ಕೊನೆಯಿಲ್ಲದ್ದು ಅದರ ಸುತ್ತ ಹೆಣೆದ ಶ್ರೇಣಿ, ಪದಕ, ದಿನದಿನದ ಬಹುಮಾನಗಳ ಬಲೆ. ಪಬ್‌ಜಿಯನ್ನು ನಮ್ಮ ಸರಕಾರ 2020ರ ಸೆಪ್ಟೆಂಬರ್ 2ರಂದು ಇತರ 117 ಆಪ್‌ಗಳೊಡನೆ ನಿಷೇಧಿಸಿದ್ದೇನೋ ನಿಜ. ಅದರ ಕಾರಣ ದೇಶದ ಭದ್ರತೆಯೇ ಹೊರತು ನಮ್ಮ ಸಾರು ಆರಿದ್ದಲ್ಲ. ಮರುವರ್ಷವೇ ಅದು ಬೇರೆ ಹೆಸರು ತಾಳಿ ಬಂತು. ಚೀನಾ ದೇಶವು 2021ರಲ್ಲಿ, ಹದಿನೆಂಟು ತುಂಬದವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯ ದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಅಂತರಜಾಲದ ಆಟ ಆಡಬಹುದೆಂದು ವಿಧಿಸಿತು. ಸರಕಾರವೇ ಮನೆಯ ಅಜ್ಜಿಯಾಗುವುದು ನನಗೆ ಅಷ್ಟು ಹಿಡಿಸದು.

ಆದರೆ ಹಣದ ಆಟಗಳ ಮಾತು ಬೇರೆ. ಅಲ್ಲಿ ವಿನೋದಕ್ಕೆ ಎಡೆಯಿಲ್ಲ.

ರಮ್ಮಿಯ ಇತಿಹಾಸ ಹೈದರಾಬಾದಿನ ನಮ್ಮ ಬಂಧುಗಳಿಗೆ ತಿಳಿದಿದ್ದರೂ ತಿಳಿದಿರಬಹುದು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು, ಬಿದ್ದ ಎಲೆಗಳನ್ನು ನೆನಪಿಟ್ಟು, ಇಟ್ಟುಕೊಳ್ಳುವುದನ್ನೂ ಬಿಡುವುದನ್ನೂ ಯೋಚಿಸಬೇಕಾದ್ದರಿಂದ ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟವೆಂದು ಹೇಳಿತು. ಅದು ನಾಲ್ಕು ಜನ ಮುಖ ನೋಡಿಕೊಂಡು ಕುಳಿತು, ರಾತ್ರಿಯಾದರೆ ಏಳುವ ಕಾಲದ ಮಾತು. ಅದೇ ಮಾತಿನ ಕೊಡೆ ಹಿಡಿದು ಮುಂದೆ ಮೊಬೈಲಿನ ರಮ್ಮಿ ಬಂತು. ಅಲ್ಲಿ ಕ್ಲಬ್ಬಿನ ಬಾಗಿಲು ಮುಚ್ಚುವ ಹೊತ್ತಿಲ್ಲ, ಎದುರಿನವನ ಮುಖವಿಲ್ಲ, "ಸಾಕು ಏಳಯ್ಯ" ಎನ್ನುವ ಗೆಳೆಯನಿಲ್ಲ. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಇದನ್ನು ತಡೆಯಹೊರಟಿತು. 2022ರ ಫೆಬ್ರವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಒಂದು ಕಾಯಿದೆ ಮಾಡಿ, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡಿಸುವ ಅಂತರಜಾಲದ ಆಟಗಳನ್ನು ನಿಷೇಧಿಸಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ, ಅವನು ಬಲಿಯಾದವನೆಂಬ ಭಾವನೆ. ಸ್ಪರ್ಧೆಯಾಗಿ ಆಡುವ ಆಟಗಳಿಗೂ ಮನರಂಜನೆಯ ಆಟಗಳಿಗೂ ಅದೇ ಕಾಯಿದೆ ಪ್ರೋತ್ಸಾಹದ ಮಾತನ್ನಾಡಿದೆ. ವಿಂಗಡಣೆ ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ.

ಊರು ಬಿಟ್ಟು ಬಂದು ಒಬ್ಬನೇ ಖೋಲಿ ಹಿಡಿದಿರುವ ತರುಣರಿಗೆ ಈ ಪಾಶ ಹೆಚ್ಚು ಬಿಗಿ ಎಂಬುದನ್ನು ನಮ್ಮ ಸಂಘಗಳವರು ಗಮನಿಸಬೇಕು. ಸಂಬಳದ ದಿನ ಊರಿಗೆ ಹಣ ಹೋಗಲಿಲ್ಲವೆಂಬುದು ಮನೆಯವರಿಗೆ ತಿಳಿಯುವ ಹೊತ್ತಿಗೆ ನಾಲ್ಕು ಕಡೆ ಸಾಲವಾಗಿರುತ್ತದೆ. ಇಂಥವನನ್ನು ಸೋಮಾರಿ, ದುರಾಸೆಯವ ಎಂದು ಬೈಯುವುದು ಸುಲಭ. ಆದರೆ ಧರ್ಮರಾಯನ ಕತೆ ನಮಗೆ ಗೊತ್ತೇ ಇದೆ. ಮೊದಲ ಜೂಜಿನಲ್ಲಿ ಸೋತದ್ದೆಲ್ಲ ಧೃತರಾಷ್ಟ್ರನ ಕೃಪೆಯಿಂದ ಮರಳಿ ಬಂದಿತ್ತು. ಇಂದ್ರಪ್ರಸ್ಥದ ದಾರಿ ಹಿಡಿದಾಗಿತ್ತು. "ಇನ್ನೊಂದೇ ಆಟ" ಎಂಬ ಕರೆ ಬಂದೊಡನೆ ಆತ ಹಿಂದಿರುಗಿ ಬಂದು ಮತ್ತೆ ಪಗಡೆಯ ಮುಂದೆ ಕುಳಿತ. ಲೋಭದಿಂದಲ್ಲ, ಮೂರ್ಖತನದಿಂದಲೂ ಅಲ್ಲ. ಧರ್ಮಜ್ಞನಾದವನಿಗೇ ಏಳಲಾಗದಿದ್ದರೆ ಇಪ್ಪತ್ತೆರಡರ ಹುಡುಗನ ಪಾಡೇನು?

ಏಳಲಾಗದಿರುವುದು ಒಂದು ಕಾಯಿಲೆಯೂ ಆಗಬಹುದೆಂದು ಈಗ ವೈದ್ಯರು ಒಪ್ಪಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಸ್ಥಾನವಿದೆ. ಹತೋಟಿ ತಪ್ಪುವುದು, ಮಿಕ್ಕೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕು ಕಂಡರೂ ಬಿಡಲಾಗದಿರುವುದು, ಹೀಗೆ ಸಾಮಾನ್ಯವಾಗಿ ಒಂದು ವರ್ಷ ನಡೆದರೆ ಅದು ರೋಗ. ರಜೆಯಲ್ಲಿ ಮೂರು ಗಂಟೆ ಆಡಿದ ಪ್ರತಿಯೊಂದು ಮಗುವೂ ರೋಗಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಇದಕ್ಕೆಂದು 'ಶಟ್ ಕ್ಲಿನಿಕ್' ಎಂಬ ಚಿಕಿತ್ಸಾಲಯ ತೆರೆಯಿತು. ಊರಿಗೆ ಹೋದಾಗ ದೇವರ ಹರಕೆ ಒಪ್ಪಿಸುವವರು, ಅಗತ್ಯವಿದ್ದರೆ ಅಲ್ಲಿಗೂ ಒಮ್ಮೆ ಹೋಗಿಬರಲು ನಾಚಬೇಕಾದ್ದಿಲ್ಲ.

ಇನ್ನು ಹಿರಿಯರ ವಿಚಾರ. ಮಗನ ಕೈಯಿಂದ ಫೋನು ಕಸಿದುಕೊಂಡ ತಂದೆ ಅನಂತರ ಏನು ಮಾಡುತ್ತಾನೆ? ತನ್ನ ಫೋನು ತೆಗೆದು ಬೆರಳಿನಿಂದ ಮೇಲಕ್ಕೆ ನೂಕುತ್ತ ಕೂರುತ್ತಾನೆ. ಒಬ್ಬಾತ ದೋಸೆ ಹಾರಿಸುತ್ತಾನೆ, ಒಬ್ಬಾಕೆ ಕುಣಿಯುತ್ತಾಳೆ, ಒಂದು ಬೆಕ್ಕು ಬೀಳುತ್ತದೆ, ಅನಂತರ ಮಂಡಿನೋವಿಗೆ ಮೆಂತ್ಯದ ಮದ್ದು. ಪುಟ ಮುಗಿಯುವುದೇ ಇಲ್ಲ. ಹೀಗೆ ಮುಗಿಯದೆ ಉರುಳುವ ಪುಟವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್ ಎಂಬವರು. ಆಮೇಲೆ ಅವರೇ ಅದಕ್ಕಾಗಿ ಬಹಿರಂಗವಾಗಿ ವ್ಯಥೆಪಟ್ಟರು. ಪುಸ್ತಕದಲ್ಲಿ ಅಧ್ಯಾಯ ಮುಗಿದಾಗ ಕಣ್ಣು ಮೇಲೆತ್ತಿ, "ಗಂಟೆ ಎಷ್ಟಾಯಿತು?" ಎನ್ನುತ್ತೇವಲ್ಲ, ಆ ಒಂದು ಬಿಡುವನ್ನು ಆ ಪುಟ ಕಿತ್ತುಕೊಂಡಿತು. ನಮ್ಮ ಹಿರಿಯ ಸೋದರಿಯರ ಪಾಲಿಗೆ ವಾಟ್ಸಾಪಿನ ಗುಲಾಬಿ ಹೂವಿನ ಶುಭೋದಯ, ಹನ್ನೊಂದು ಜನರಿಗೆ ಕಳಿಸದಿದ್ದರೆ ಅನಿಷ್ಟವೆಂಬ ಸ್ತೋತ್ರ, ಇವೂ ಒಂದು ಬಗೆಯ ಮುಗಿಯದ ಆಟವೇ. 2018ರಲ್ಲಿ ಆ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚಿಗೆ ದಾಟಿಸದಂತೆ ಕಟ್ಟುಹಾಕಬೇಕಾಯಿತು. ಮಕ್ಕಳಿಗೆ ಹೊತ್ತು ಗೊತ್ತುಮಾಡುವ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರ ಫೋನೂ ಒಂದೇ ಬುಟ್ಟಿಗೆ ಬೀಳಬೇಕು, ಅಜ್ಜನದೂ ಸೇರಿ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಫೋನನ್ನು ಮನೆಯಿಂದ ಹೊರಗೆ ಹಾಕಿ ಎನ್ನಲಾರೆ. ಎರಡು ಖೋಲಿಯ ಮನೆ, ಕೆಳಗೆ ಮೋಟಾರು ನಿಲ್ಲಿಸುವ ಜಾಗ, "ಇಲ್ಲಿ ಆಡಬಾರದು" ಎಂಬ ಸೊಸಾಯಿಟಿಯ ಫಲಕ. ಅಂಗಳವನ್ನು ಮಕ್ಕಳಿಂದ ಕಸಿದವರು ನಾವು. ಅವರು ಅಂಗೈಯಲ್ಲಿ ಒಂದು ಅಂಗಳ ಹುಡುಕಿಕೊಂಡರು. ಅದೇ ಅಂಗೈಯ ಅಂಗಳ ದೂರದವರನ್ನು ಹತ್ತಿರ ತರುವುದನ್ನೂ ಕಂಡಿದ್ದೇವೆ. ನಮ್ಮ ಪಗಡೆಯ ವಂಶದ ಪಚ್ಚೀಸಿಯೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಲೂಡೋ ಆಯಿತು. ಆ ಲೂಡೋ 2016ರಲ್ಲಿ ಮುಂಬಯಿಯವರದೇ ಒಂದು ಕಂಪನಿಯ ಕೈಯಲ್ಲಿ 'ಲೂಡೋ ಕಿಂಗ್' ಆಗಿ ಮೊಬೈಲಿಗೆ ಬಂತು. 2020ರ ದಿಗ್ಬಂಧನದ ತಿಂಗಳುಗಳಲ್ಲಿ ಪುಣೆಯ ಮೊಮ್ಮಗಳು, ಚೆನ್ನೈಯ ಅತ್ತೆ, ಧಾರವಾಡದ ಅಜ್ಜ ಒಂದೇ ಹಾಸಿಗೆ ಸುತ್ತುಗೂಡಿದ್ದು ಇದರಿಂದಲೇ. "ಅಜ್ಜಾ, ನನ್ನ ಕಾಯಿ ಕಡೀಬ್ಯಾಡ!" "ಬಿಡೂದಿಲ್ಲವಾ, ಆಟ ಅಂದ್ರ ಆಟ!" ಆ ಹುಡುಗಿ ಶಾಲೆಯಲ್ಲಿ ಮರಾಠಿ, ಇಂಗ್ಲಿಷು ಆಡುವವಳು. 'ಕಡಿ', 'ಕಾಯಿ', 'ಹಣ್ಣು' ಎಂಬ ಮಾತುಗಳನ್ನು ಅವಳು ಕಲಿತದ್ದು ಪಾಠದ ಪುಸ್ತಕದಿಂದಲ್ಲ. ಚದುರಂಗದ ಸಂಗತಿಯೂ ಹಾಗೆಯೇ. 2024ರ ಡಿಸೆಂಬರಿನಲ್ಲಿ ಚೆನ್ನೈಯ ಗುಕೇಶ್ ಹದಿನೆಂಟನೆಯ ವಯಸ್ಸಿಗೆ ಸಿಂಗಪುರದಲ್ಲಿ ಜಗತ್ತಿನ ಚಾಂಪಿಯನ್ ಆದ ಮೇಲೆ ಮೊಬೈಲಿನಲ್ಲಿ ಚದುರಂಗ ಆಡುವ ಮಗುವನ್ನು ಗದರಿಸಲು ನಮ್ಮ ತಂದೆತಾಯಿಗಳು ಸ್ವಲ್ಪ ಅನುಮಾನಿಸುತ್ತಿದ್ದಾರೆ. ಒಳ್ಳೆಯದೇ.

ನೆಲದ ಮೇಲಿನ ಚೌಕಾಬಾರಕ್ಕೂ ಜಾಗ ಬೇಕಾದ್ದು ಒಂದು ಚಾಪೆಯಷ್ಟೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದು ನೋಡಿ. ಮೊದಲ ಹತ್ತು ನಿಮಿಷ ಮಕ್ಕಳು ಮುಖ ಸಿಂಡರಿಸಬಹುದು, ಒಮ್ಮೆ ಅಪ್ಪನ ಕಾಯಿ ಕಡಿದರೆಂದರೆ ಎಬ್ಬಿಸುವುದೇ ಕಷ್ಟ. ಆದರೆ ನಿಯಮದ ವಿಚಾರದಲ್ಲಿ ಜಗಳ ಖಂಡಿತ. ಒಂದು ಸೀಮೆಯವರು ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಬಿಡುವುದಿಲ್ಲ. ಇನ್ನೊಂದು ಸೀಮೆಯವರಿಗೆ ಆ ಕಟ್ಟಳೆಯೇ ಇಲ್ಲ. ಮೂರು ಸಲ ಬೆನ್ನುಬೆನ್ನಿಗೆ ಬಾರ ಬಿದ್ದರೆ ಲೆಕ್ಕಕ್ಕುಂಟೊ ಇಲ್ಲವೊ? ಜೋಡಿಕಾಯಿಯನ್ನು ಒಂಟಿಕಾಯಿ ಕಡಿಯಬಹುದೊ? ನಿಮ್ಮ ನಿಮ್ಮ ಊರಿನ ನಿಯಮವನ್ನು, ಊರಿನ ಹೆಸರು ಸಹಿತ, ಒಂದು ಕಾರ್ಡಿನಲ್ಲಿ ಬರೆದು ಸಂಪಾದಕರಿಗೆ ಕಳಿಸಿ. ವಾಟ್ಸಾಪಿನಲ್ಲಿ ಕಳಿಸಿದರೂ ಆದೀತು, ಗುಲಾಬಿ ಹೂವು ಬೇಡ.